ಬಳೆ ಸದ್ದು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಶಶಿರೇಖಾ ನಾಯಕನಹಟ್ಟಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ ಎಣ್ಣೆಮಿಲ್ಲಿನ ಸಿದ್ದಲಿಂಗೇಶ್ ಗೆಳೆಯ ಪ್ರಭುವಿನೊಡನೆ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ. ಇಪ್ಪತ್ತು ವರ್ಷ ಮಿಲ್ಲಿನ ಯಂತ್ರದ ಪಕ್ಕ ನಿಂತವನ ಗಂಟಲು ಅದು.

"ಆಂಪ್ಲಿಫೈಯರ್ ಬಂಗಾರದಂಥದ್ದು ಐತೆ ಕಣೋ. ಅದ್ಕೆ ಒಪ್ಪೋ ಸ್ಪೀಕರ್ ಸಿಗ್ತಿಲ್ಲ, ಅಷ್ಟೇ."

"ಈಗ ತರೋದು ಮೂರ್ನೇ ಜೋಡಿ ಅಲ್ವೇನೋ?"

"ಏನ್ ಮಾಡ್ಲಿ? ಅವ್ವನ ಕ್ಯಾಸೆಟ್ ಹಾಕಿದ್ರೆ ಪದ ಬರ್ತೈತೆ, ಬಳೆ ಸದ್ದು ಬರಲ್ಲ. ರಾಗಿ ಬೀಸ್ತಾ ಹಾಡಿದ್ದು. ಬಳೆ ಇರ್ಲೇಬೇಕು."

"ಐತಲ್ಲೋ."

"ನಿಂಗೆಲ್ಲಿ ಕೇಳಿಸ್ತು?"

ಪ್ರಭು ಅವನ ಮುಖವನ್ನೊಮ್ಮೆ ನೋಡಿ ದೃಷ್ಟಿ ಬೇರೆ ಕಡೆ ಹೊರಳಿಸಿದ.

"ಇರ್ಬೇಕಲ್ಲ ಅಂದೆ. ಬೆಂಗ್ಳೂರಲ್ಲಿ ಇನ್ನೂ ಒಳ್ಳೇವು ಸಿಗ್ತವೆ ಬಿಡು."

"ಅದ್ಕೇ ಕ್ಯಾಸೆಟ್ ಜೇಬಲ್ಲೇ ಇಟ್ಕೊಂಡೀನಿ. ಅಂಗಡಿಯಾಗೇ ಹಾಕಿಸ್ತೀನಿ. ಬಳೆ ಕೇಳಿದ್ರೆ ಮಾತ್ರ ತಗಳ್ಳೋದು."

ಅವರ ಬೆನ್ನ ಹಿಂದೆ ನಿಂತಿದ್ದ ಬೆಂಗಳೂರು ಬಸ್ಸಿನ ಕಂಡಕ್ಟರ್ ಸಿದ್ದಲಿಂಗೇಶನ ಕಿವಿಯ ಹತ್ತಿರವೇ ಸೀಟಿ ಊದಿದ. ಶಶಿರೇಖಾ ಬೆಚ್ಚಿಬಿದ್ದಳು. ಸಿದ್ದಲಿಂಗೇಶ್ ಜೇಬಿನ ಕ್ಯಾಸೆಟ್ ಮುಟ್ಟಿಕೊಂಡು, ಬಸ್ಸು ಬಂತೇನೋ ಎಂದು ರಸ್ತೆಯ ಕಡೆಯೇ ನೋಡುತ್ತಿದ್ದ.

"ಬಸ್ ಹೊಂಟೈತೆ, ಬಾ" ಎಂದು ಪ್ರಭು ಅವನ ತೋಳು ಹಿಡಿದು ತಿರುಗಿಸಿದ. ಸೀಟಿಯ ಮಾತು ಎತ್ತಲಿಲ್ಲ.