ಶೀಷೆಗೆ ಹಾಕಿದ ನೀರು

ಗಂಡ ಹೆಂಡಿರ ಮಾತನ್ನು ಕೇಳಿಸಿಕೊಂಡು ಬರೆಯುವುದು ತಪ್ಪೇ, ಕ್ಷಮೆ ಇರಲಿ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ನಾನು ಅವರ ಬೆನ್ನ ಹಿಂದೆಯೇ ಕುಳಿತಿದ್ದೆ. ನಮ್ಮ ಓಣಿಯ ರುದ್ರಮುನಿ ಬೀಜದ ಕಂಪನಿಯಲ್ಲಿ ಸಸಿ ನೋಡಿಕೊಳ್ಳುತ್ತಾನೆ. ಹೆಂಡತಿ ಮಹೇಶ್ವರಿ ಕಾರವಾರದ ಸೂಕ್ಷ್ಮಜೀವಿ ಪ್ರಯೋಗಾಲಯದ ಕೆಲಸಕ್ಕೆ ಮರಳುತ್ತಿದ್ದಳು. ಅವನು ಕಿಸೆಯಿಂದ ನೀರು ತುಂಬಿದ ಪುಟ್ಟ ಶೀಷೆ ತೆಗೆದ.

“ನೀ ಹೋದ ಸಲ ಬಿಟ್ಟು ಹೋಗಿದ್ದು. ಕೆಂಪು ಬಣ್ಣ ಹೋಗೇತಿ. ಎರಡು ದಿನದಿಂದ ಹೇಳಾಕ ಧೈರ್ಯ ಆಗಲಿಲ್ಲ.”

“ಏನರ ಹಾಕಿದ್ರೇನ್ರಿ?”

“ಬತ್ತೀತು ಅಂತ ಅಂಜಿದೆ. ಸಸಿಗೆ ಹಾಕಿದಂಗ ದಿನಾ ಒಂದೊಂದು ಚಮಚ ನೀರು ಹಾಕಿದೆ.”

“ಅಯ್ಯ! ಇವು ಉಪ್ಪುನೀರಿನಾಗ ಬದುಕೋ ಕಣ್ಣಿಗೆ ಕಾಣದ ಜೀವ, ಆ ಕೆಂಪು ಬಣ್ಣ ಇವುಗಳದ. ಉಪ್ಪು ಕಡಿಮಿ ಆದ್ರ ಗುಂಡಗಾಗಿ ಒಡೀತಾವ.”

“ಎಲ್ಲಾ ಸತ್ತುವೇನು?”

“ಹೂಂ. ಸಸಿ ಸಾಹೇಬ್ರು ಜ್ವಾಪಾನ ಮಾಡಿ ಕೊಂದ್ರಿ.” ಅವಳು ನಕ್ಕಳು.

“ನೀ ಅಲ್ಲಿ ದಿನಾ ಇವನ್ನ ನೋಡ್ತಿ ಅಂತ ನಾನೂ ಇಲ್ಲಿ ನೋಡ್ತಿದ್ದೆ.”

ಅವಳ ನಗು ನಿಂತಿತು.

“ಇವು ಈಜುವಾಗ ಕಡ್ಡಿ ಹಂಗ ಇರ್ತಾವ್ರಿ. ಒಂದ ಕಡೆ ನಿಂತ್ರ ತಾಟಿನಂಗ ಚಪ್ಪಟಿ ಆಗ್ತಾವ.”

“ಹೆಂಗ?”

“ಅದೇ ಇನ್ನೂ ಗೊತ್ತಾಗಿಲ್ಲ. ಅದನ್ನ ಹುಡುಕಾಕ ಹೊಂಟೇನಿ.”

“ಗೊತ್ತಾದ ಮ್ಯಾಲ ಬಂದು ಇಲ್ಲೇ ಇರ್ತಿ?”

ಬಸ್ ಬಂತು. ಅವಳು ಆ ಸತ್ತ ಶೀಷೆಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹತ್ತಿದಳು. ಕಿಟಕಿಯಿಂದ ಬಾಗಿ ಏನೋ ಹೇಳಿದಳು. ಬಸ್ಸಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ರುದ್ರಮುನಿಗೆ ಕೇಳಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.