ಯಾರ ಮಗಳು

ವಾಡಿ ಬಸ್ಸಿಗೆ ಕಾದು ಕಾದು ಚಿತ್ತಾಪುರ ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಲೆ ಕೆಟ್ಟಿತ್ತು. ಹಿಂದಿನ ಬೆಂಚಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು. ಒಬ್ಬಳು ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗೆ ಇಂಟರ್‌ವ್ಯೂಗೆ ಹೊರಟವಳು, ಇನ್ನೊಬ್ಬಳು ಅವಳನ್ನು ಬಸ್ಸು ಹತ್ತಿಸಲು ಬಂದವಳು.

“ಇನ್ನೊಮ್ಮಿ ಮಾಡೋಣು. ನಾ ಫ್ಯಾಕ್ಟ್ರಿ ಸಾಹೇಬ. ನಿನ್ನ ಬಗ್ಗೆ ಹೇಳಮ್ಮಾ, ಅಂಬಿಕಾ.”

“ನಮ್ದು ಭಂಕೂರ ರೀ ಸರ್. ನಮ್ಮಪ್ಪ ಭಾಗಣ್ಣ, ಕಲ್ಲು ಪಾಲಿಶ್ ಮಾಡ್ತಾನ. ನಮ್ಮ ಸೋದರಮಾವ ಚಿಂಚೋಳ್ಯಾಗ...”

“ಏ, ನಿಲ್ಲಸು! ಮನ್ನಿ ಪ್ಲೇಸ್‌ಮೆಂಟ್ ಸರ್ ಪ್ರಾಕ್ಟೀಸ್ ಮಾಡಿಸ್ದಾಗನೂ ಹಿಂಗೇ ಮುತ್ತಜ್ಜನ ತನಕ ಹೋಗಿದ್ದಿ.”

“ಯಾರರ ಕೇಳಿದ್ರ ನಾವು ಹಂಗೇ ಹೇಳ್ತೀವಲ್ಲೇ, ದಾನೇಶ್ವರಿ?”

“ನೌಕರಿ ನಿಮ್ಮಪ್ಪಗ ಕೊಡ್ಲಕತ್ತಾರೇನು? ನಿಂದು ಹೇಳು, ನಿಂದು!”

“ನಾ... ಬಿಎಸ್ಸಿ ಕೆಮಿಸ್ಟ್ರಿ ಓದೀನಿ. ಲ್ಯಾಬಿನ್ಯಾಗ ನನ್ನ ಕೈ ನಡುಗಂಗಿಲ್ಲ.”

“ಭಾಳ ಚೊಲೋ! ಜೋರಾಗಿ ಹೇಳು!”

“ನಾ ಅಂಬಿಕಾ! ಕೆಮಿಸ್ಟ್ರಿ ಓದೀನಿ! ಲ್ಯಾಬಿನ್ಯಾಗ ನನ್ನ ಕೈ ನಡುಗಂಗಿಲ್ಲ!”

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

ಅಷ್ಟರಲ್ಲಿ ಸೇಡಂ ಬಸ್ಸು ಬಂತು. ಬಾಗಿಲ ಪಕ್ಕದ ಸೀಟಿನಲ್ಲಿದ್ದ ಮುದುಕಿಯೊಬ್ಬಳು, ಓಡಿ ಬಂದು ಹತ್ತಿದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರ ಮಗಳವಾ ನೀ?”

“ನಾ ಅಂಬಿಕಾ ರೀ, ಆಯಿ! ಕೆಮಿಸ್ಟ್ರಿ ಓದೀನಿ!”

ಮುದುಕಿ ಸರಿದು ಕೂತು ಜಾಗ ಕೊಟ್ಟಳು. ಕೆಳಗೆ ನಿಂತಿದ್ದ ದಾನೇಶ್ವರಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಕಂಡಕ್ಟರ್ ಸಿಳ್ಳೆ ಎಂದುಕೊಂಡೋ ಏನೋ, ಡ್ರೈವರ್ ಬಸ್ಸು ಬಿಟ್ಟೇಬಿಟ್ಟ.