ಸುಮಾರು ಅನ್ನಬೇಡ

...ಊಹೂಂ. ಆಗಲಿಲ್ಲ. ಮತ್ತೆ ಹೊರಗೆ ಹೋಗು. ಬಾಗಿಲು ತಟ್ಟಬೇಕು, "ಒಳಗೆ ಬರಬಹುದಾ ಸರ್" ಅಂತ ಕೇಳಬೇಕು, ನಾನು "ಬಾಮ್ಮ" ಅಂದ ಮೇಲೆ ಬರಬೇಕು. ಹಸಿದವರು ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ತೆಗೆದು ನುಗ್ಗೋದಲ್ಲ!

...ಹಾಂ. ಬಾಮ್ಮ. ಕೂತ್ಕೋ.

ಯಾಕೆ ನಗ್ತಿದ್ದೀಯಾ? ತಾತ ಅಂತ ನಗು ಬರುತ್ತಾ? ನೋಡು ಗುಬ್ಬಿ, ಈ ಕುರ್ಚಿಯಲ್ಲಿ ಕೂತಿರೋವರೆಗೆ ನಾನು ನಿನ್ನ ತಾತ ಅಲ್ಲ. ವಿಶ್ವವಿದ್ಯಾಲಯದ ಆಯ್ಕೆ ಸಮಿತಿ. ಹೌದು, ಒಬ್ಬನೇ. ಒಬ್ಬನೇ ಆದರೂ ಸಮಿತಿ ಸಮಿತಿನೇ. ಜಗಳ ಇಲ್ಲದ ಸಮಿತಿ, ಸಂತೋಷಪಡು. ನಾಳೆ ಅಲ್ಲಿ ಮೂರು ಜನ ಇರ್ತಾರೆ, ಆಗ ಗೊತ್ತಾಗುತ್ತೆ.

ಸರಿ. ಯಾವ ಡಿಗ್ರಿಗೆ ಬಂದಿದ್ದೀಯಮ್ಮ?

ಜೋರಾಗಿ ಹೇಳು... ಆಕ್ಯುಪೇಷನಲ್ ಥೆರಪಿ. ಹೂಂ. ನಿಜ ಹೇಳಲಾ? ನೀನು ಮೊದಲ ಸಲ ಈ ಹೆಸರು ಹೇಳಿದಾಗ, ನಿರುದ್ಯೋಗಿಗಳಿಗೆ ಕೆಲಸ ಕೊಡಿಸೋ ವಿದ್ಯೆ ಅಂದುಕೊಂಡಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವನಿಗೇ ಈ ಗತಿ! ಆಮೇಲೆ ನೀನು ಬಿಡಿಸಿ ಹೇಳಿದೆ. ಕೈಕಾಲು ಸ್ವಾಧೀನ ತಪ್ಪಿದವರು ಗುಂಡಿ ಹಾಕ್ಕೊಳ್ಳೋದು, ಚಮಚ ಹಿಡಿಯೋದು, ಲೋಟ ಎತ್ತೋದು... ತಮ್ಮ ಕೆಲಸ ತಾವೇ ಮಾಡಿಕೊಳ್ಳೋ ಹಾಗೆ ಮಾಡೋದು. ಅಲ್ವಾ? ಅಲ್ಲಮ್ಮ, ಗುಂಡಿ ಹಾಕೋದಕ್ಕೆ ನಾಲ್ಕು ವರ್ಷದ ಡಿಗ್ರಿ! ನಾನು ಎಲ್.ಕೆ.ಜಿ.ಯಲ್ಲೇ ಪಾಸಾಗಿದ್ದೆ.

...ಏನದು, ಹುಬ್ಬು ಯಾಕೆ ಏರಿತು? ಸಮಿತಿ ಮುಂದೆ ಹುಬ್ಬು ಏರಿಸಬಾರದು.

ಅರ್ಹತೆಗಳು ಓದು. ನಿನ್ನ ಫೋನಲ್ಲೇ ಓದು. ಇಲ್ಲ, ನನ್ನ ಕೈಗೆ ಕೊಡಬೇಡ. ದರಿದ್ರ ಫೋನು, ನಾನು ಒಂದು ಕಡೆ ಮುಟ್ಟಿದರೆ ಅದು ಇನ್ನೊಂದು ಕಡೆ ಓಡುತ್ತೆ. ಮೊನ್ನೆ ಹವಾಮಾನ ನೋಡೋಣ ಅಂತ ಹೋದವನು ಯಾರಿಗೋ ಫೋನ್ ಮಾಡಿಬಿಟ್ಟೆ. ಆಯಪ್ಪ "ಯಾರು ಯಾರು" ಅಂತ ಕೇಳ್ತಾನೇ ಇದ್ದ. "ಮಳೆ ಬರುತ್ತಾ" ಅಂತ ಕೇಳಿ ಇಟ್ಟೆ. ಬರಲ್ಲ ಅಂದ, ಪಾಪ. ಸರಿಯಾಗೇ ಹೇಳಿದ.

ಓದು. ಹನ್ನೆರಡನೇ ತರಗತಿ, ಜೀವಶಾಸ್ತ್ರ ಕಡ್ಡಾಯ. ಹೂಂ. ಜೀವಶಾಸ್ತ್ರದಲ್ಲಿ ನಿನಗೆ ಎಷ್ಟು ಅಂಕ?

ಏನಂದೆ?

ಸುಮಾರು ಎಂಬತ್ತು?

ಸುಮಾರು! ಗುಬ್ಬಿ, ನಲವತ್ತು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನ ಮೊಮ್ಮಗಳು ನೀನು. ನಾನು ಬೀದಿಗೆ ಕಾಲಿಟ್ಟರೆ ಅಂಗಡಿಯವರೆಲ್ಲ ತಕ್ಕಡಿ ಒರೆಸೋಕೆ ಶುರು ಮಾಡ್ತಿದ್ದರು. "ಸುಮಾರು ಒಂದು ಕಿಲೋ ಇದೆ ಸಾರ್" ಅಂದ ಒಬ್ಬ. ಅವನ ತೂಕದ ಕಲ್ಲುಗಳನ್ನ ಅಲ್ಲೇ ಜಪ್ತಿ ಮಾಡಿದೆ. ಆ ಪದ ಈ ಮನೆಯಲ್ಲಿ ಇಲ್ಲ. ನಿನ್ನಮ್ಮ ದಿನಾ ಲೈಬ್ರರಿ ಮುಚ್ಚಿ ಬಂದು "ಹೇಗಿದ್ದೀರಪ್ಪ" ಅಂತ ಕೇಳ್ತಾಳಲ್ಲ, ಒಂದು ದಿನವಾದರೂ "ಸುಮಾರು" ಅಂದಿದ್ದೀನಾ? ಚೆನ್ನಾಗಿದ್ದೀನಿ. ಕಡ್ಡಿ ಮುರಿದ ಹಾಗೆ. ಮುಗೀತು.

ಎಷ್ಟು, ಸರಿಯಾಗಿ ಹೇಳು... ಎಂಬತ್ಮೂರು! ನೋಡಿದೆಯಾ, ನಿನ್ನ ತಕ್ಕಡಿಯಲ್ಲಿ ನೀನೇ ಮೂರು ಅಂಕ ಕಡಿಮೆ ತೂಗಿಕೊಂಡೆ. ಇನ್ನೊಬ್ಬರಿಗೆ ಮೋಸ ಮಾಡೋರನ್ನ ಕಂಡಿದ್ದೀನಿ, ತನಗೇ ತೂಕದಲ್ಲಿ ಮೋಸ ಮಾಡಿಕೊಳ್ಳೋಳು ನೀನೇ ಮೊದಲು.

ಮುಂದೆ. ದೈಹಿಕ ಸಾಮರ್ಥ್ಯ, ಲಸಿಕೆ ಎಲ್ಲ ಆಗಿರಬೇಕು. ಆಗಿದೆ. ಸೂಜಿ ನೋಡಿ ನೀನು ಡಾಕ್ಟರ ಕೋಟಿನ ತೋಳು ಕಚ್ಚಿದ್ದು ಅಲ್ಲಿ ಹೇಳಬೇಡ. ಸುಳ್ಳು ಹೇಳು ಅಂತಲ್ಲ. ಕೇಳಿದರೆ ಹೇಳು. ಕೇಳಲ್ಲ. ಪೊಲೀಸ್ ಪರಿಶೀಲನೆ... ಪಕ್ಕದ ಮನೆಯವರ ನಿಂಬೆಹಣ್ಣು ಕಿತ್ತಿದ್ದು ಬಿಟ್ಟರೆ ಇನ್ನೇನಿಲ್ಲ ತಾನೇ? ನಗಬೇಡ ಅಂದೆ!

ತಾಳು, ಗಂಟಲು ಒಣಗಿತು. ಟೀ ಕೊಡಿಲ್ಲಿ.

ಇದೇನು, ಮತ್ತೆ ಅರ್ಧ ಲೋಟ? ಅಲ್ಲ ಗುಬ್ಬಿ, ಟೀಪುಡಿಗೆ ಬರ ಬಂದಿದೆಯಾ? ಮೊದಲೆಲ್ಲ ತುಂಬಾ ಕೊಡ್ತಿದ್ದೆ. ಈಗ ಅರ್ಧ ಕೊಡ್ತೀಯಾ, ಮುಗಿದ ಮೇಲೆ ಇನ್ನರ್ಧ ತರ್ತೀಯಾ. ಎರಡು ಸಲ ಓಡಾಡೋ ಜಿಪುಣತನ ನಾನು ಎಲ್ಲೂ ಕಂಡಿಲ್ಲ. ಲೋಟನೂ ಬದಲಾಯಿಸಿಬಿಟ್ಟೆ. ಎರಡು ಹಿಡಿ ಇರೋದು, ಮಕ್ಕಳ ಲೋಟದ ಹಾಗೆ, ಕಲ್ಲಿನ ಹಾಗೆ ಭಾರ. ನನ್ನ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದೀಯಾ. ಯಾಕೆ ಅಂದರೆ "ಫ್ಯಾಷನ್ನು ತಾತ" ಅಂದೆ. ಹಾಳು ಫ್ಯಾಷನ್ನು! ನನ್ನ ಅಂಗಿಗಳಿಗೂ ಅದೇ ಫ್ಯಾಷನ್ನು. ಮೇಲೆ ನೋಡಿದರೆ ಗುಂಡಿ, ಒಳಗೆ ಒತ್ತಿದರೆ ಟಪ್ ಅಂತ ಅಂಟಿಕೊಳ್ಳೋ ಪಟ್ಟಿ. ಗುಂಡಿಗೆ ಕೆಲಸವೇ ಇಲ್ಲ, ಸುಮ್ಮನೆ ಶೋಕಿಗೆ ಕೂತಿದೆ, ರಿಟೈರ್ ಆದ ಆಫೀಸರ್ ಹಾಗೆ. ನಾನೇನಾದರೂ ಕೇಳಿದೆನಾ ನಿನ್ನ? ಇಲ್ಲ. ಹುಡುಗಿ ಏನೋ ಆಟ ಆಡಿಕೊಳ್ಳಲಿ ಅಂತ ಸುಮ್ಮನಿದ್ದೀನಿ.

...ಏನು ಗೊಣಗಿದೆ? ಮತ್ತೊಂದು ಸಲ ಹೇಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ"? ಯಾರಿಗೆ ಅಂದಿದ್ದು? ಲೋಟಕ್ಕಾ? ಫೋನಿಗಾ? ಸಮಿತಿಗೆ ಗಾದೆ ಹೇಳ್ತೀಯಾ? ಎರಡು ಅಂಕ ಹೋಯ್ತು!

ನನ್ನ ಕೈ ಬಗ್ಗೆ ಮಾತಾಡೋ ಹಾಗಿಲ್ಲ. ಈ ಕೈ... ನನ್ನ ಆ ಚಿನ್ನ ತೂಗೋ ತಕ್ಕಡಿ ನೋಡು, ಗಾಜಿನ ಪೆಟ್ಟಿಗೆಯಲ್ಲಿರೋದು. ಉಸಿರು ಬಿಟ್ಟರೆ ಅದರ ಮುಳ್ಳು ಅಲುಗಾಡುತ್ತೆ. ಚಿಮಟದಲ್ಲಿ ಸಾಸಿವೆಯಷ್ಟು ತೂಕ ಹಿಡಿದು ಅದರ ತಟ್ಟೆಗೆ ಇಟ್ಟರೆ ಮುಳ್ಳಿಗೆ ಗೊತ್ತೇ ಆಗ್ತಿರಲಿಲ್ಲ, ಹಾಗೆ ಇಡ್ತಿದ್ದೆ. ಈಗಲೂ ಅಕ್ಕಸಾಲಿಗರು ತಕ್ಕಡಿ ಪರೀಕ್ಷೆ ಮಾಡಿಸೋಕೆ ಹುಡುಕಿಕೊಂಡು ಬರ್ತಾರೋ ಇಲ್ವೋ? ಬರ್ತಾರೆ. ಹಾಂ, ಈಗ ಕಲ್ಲು ಇಡೋಳು ನೀನು, ಹೌದು. ಅದು ನಿನಗೆ ಅಭ್ಯಾಸ ಆಗಲಿ ಅಂತ. ನಾನು ಹೇಳ್ತೀನಿ, ನೀನು ಇಡ್ತೀಯಾ. ಮೊನ್ನೆ ನಾನಿಟ್ಟಾಗ ಮುಳ್ಳು ಕುಣಿದದ್ದು ಆ ಫ್ಯಾನ್ ಗಾಳಿಗೆ... ಫ್ಯಾನ್ ಆಫ್ ಆಗಿತ್ತಾ? ಹಾಗಾದರೆ ಕಿಟಕಿ. ಕಿಟಕಿ ಗಾಳಿ. ವಾದ ಮಾಡಬೇಡ.

ಸ್ವಲ್ಪ ಹಿಡ್ಕೋ ಲೋಟ. ...ಸಾಕು.

ನಿನ್ನಮ್ಮನ ಮುಂದೆ ಮಾತ್ರ ಈ ಕಿಟಕಿ ಗಾಳಿ ಸುದ್ದಿ ಎತ್ತಬೇಡ. ಅವಳು ಗೊತ್ತಲ್ಲ, ಲೈಬ್ರರಿಯಲ್ಲಿ ದಿನವಿಡೀ "ಶ್... ಶ್..." ಅಂದು ಅಂದು, ಅಲ್ಲಿ ಉಳಿಸಿದ ಗಲಾಟೆನೆಲ್ಲ ಮನೆಗೆ ತರ್ತಾಳೆ. ನಾನೊಂದು ಸಲ ಸೀನಿದ್ದಕ್ಕೆ ವಾರವೆಲ್ಲ ಕಿಟಕಿ ತೆಗೆಯಲಿಲ್ಲ. ಇನ್ನು ಇಂಥದ್ದೇನಾದರೂ ತಲೆಗೆ ಹೊಕ್ಕರೆ ಮುಗೀತು, ತಕ್ಕಡಿ ಅಟ್ಟಕ್ಕೆ, ನಾನು ಕುರ್ಚಿಗೆ, ಮೇಲೊಂದು ಶಾಲು. ಬೀದಿಗೆ ಹೋಗಬೇಡಿ ಅಪ್ಪ, ಮೆಟ್ಟಿಲು ಇಳಿಯಬೇಡಿ ಅಪ್ಪ. ನಾನೇನು ಮ್ಯೂಸಿಯಂ ವಸ್ತುನಾ?

ಸರಿ, ಪ್ರಶ್ನೆ. ಮಾದರಿ ಪ್ರಶ್ನೆ ಇದೆಯಲ್ಲ, ಅದೇ ಕೇಳ್ತೀನಿ. ಬೆನ್ನು ನೆಟ್ಟಗೆ.

ನೀನು ನೋಡಿಕೊಳ್ತಿರೋ ಒಬ್ಬ ಹಿರಿಯರು, "ನನಗೆ ಹೀಗಿದೆ ಅಂತ ನಮ್ಮ ಮನೆಯವರಿಗೆ ಹೇಳಬೇಡ" ಅಂತಾರೆ. ಅವರ ಮಗಳು ಬಂದು ನಿನ್ನನ್ನೇ ಕೇಳ್ತಾಳೆ. ಏನು ಮಾಡ್ತೀಯಾ?

...ಹೇಳಲ್ಲ. ಹೂಂ. ಹೇಳು ಅಂತ ಅವಳು ಕಣ್ಣೀರು ಹಾಕಿದರೆ? ...ಆಗಲೂ ಹೇಳಲ್ಲ. ಭೇಷ್! ಗುಟ್ಟು ಅಂದರೆ ಗುಟ್ಟು. ಅದು ಅವರ ಸೊತ್ತು... ಇನ್ನೂ ಮುಗಿದಿಲ್ವಾ? ಹೇಳು. "ಆದರೆ ಅವರೇ ಹೇಳೋವರೆಗೆ ಅವರ ಪಕ್ಕದಲ್ಲಿ ಕೂತಿರ್ತೀನಿ."

ಉತ್ತರ ಉದ್ದವಾಯ್ತು. ಆಮೇಲಿನ ಭಾಗ ಪ್ರಶ್ನೆಯಲ್ಲಿ ಕೇಳಿಲ್ಲ.

ಯಾಕೆ ಹಾಗೆ ನೋಡ್ತೀಯಾ? ಮುಂದೆ ಓದು.

ಹಾಂ, ಇದು. ಇದೇ ಮುಖ್ಯ. "ಅಭ್ಯರ್ಥಿಗೆ ಒಬ್ಬರ ಆರೈಕೆ ಮಾಡಿದ ಅನುಭವ ಇರಲೇಬೇಕು. ಯಾರ ಆರೈಕೆ, ಏನು ಕಲಿತಿರಿ ಅಂತ ಸಂದರ್ಶನದಲ್ಲಿ ಕೇಳಲಾಗುವುದು. ಆರೈಕೆ ಪಡೆದವರಿಗೆ ಫೋನ್ ಮಾಡಿ ವಿಚಾರಿಸಲಾಗುವುದು." ಇದಿಲ್ಲದಿದ್ದರೆ ಸೀಟಿಲ್ಲ. ಎಂಬತ್ಮೂರು ಬಂದಿರಲಿ, ನೂರು ಬಂದಿರಲಿ, ಬಾಗಿಲಾಚೆ. ಸರಿಯಾದ ನಿಯಮ. ಈಜು ಬಾರದವನನ್ನ ದೋಣಿಗೆ ಯಾರು ಹತ್ತಿಸ್ತಾರೆ?

ಈಗ ಏನು ಮಾಡ್ತೀಯಾ, ಹೇಳು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನಿನಗೆ ಅನುಭವ ಇಲ್ಲ! ನಾನು ಬಡ್ಕೊಂಡೆ. ರಜೆಯಲ್ಲಿ ನಿನ್ನ ಗೆಳತಿ ವೃದ್ಧಾಶ್ರಮಕ್ಕೆ ಹೋಗಿ ವಯಸ್ಸಾದವರ ಸೇವೆ ಮಾಡಿ ಬಂದಳು. ಬಾರೇ ಅಂತ ನಿನ್ನನ್ನೂ ಕರೆದಳು. ನೀನು? "ಇಲ್ಲ ತಾತ, ನಾನು ಮನೆಯಲ್ಲೇ ಇರ್ತೀನಿ." ಶುದ್ಧ ಸೋಮಾರಿತನ! ಇಡೀ ರಜೆ ಮಾಡಿದ್ದೇನು? ಬಟ್ಟೆ ಸುತ್ತೋದು, ಗುಂಡಿ ಹೊಲಿಯೋದು, ಅರ್ಧ ಲೋಟ ಟೀ ಹಿಡಿದುಕೊಂಡು ಓಡಾಡೋದು, ನಾನು ಮೆಟ್ಟಿಲು ಇಳಿಯೋಕೆ ಹೊರಟರೆ ನಿನಗೂ ಆಗಲೇ ಏನೋ ಕೆಲಸ ನೆನಪಾಗಿ ಮುಂದೆ ಮುಂದೆ ಇಳಿಯೋದು...

ಸುಳ್ಳು ಹೇಳೋ ಹಾಗಿಲ್ಲ, ಮೊದಲೇ ಹೇಳಿದ್ದೀನಿ. ಅವರು ಫೋನ್ ಮಾಡ್ತಾರೆ. ಪಕ್ಕದ ಮನೆಯವರನ್ನ ಎತ್ತಿಕಟ್ಟೋದು, ಊಹೂಂ. ಖೋಟಾ ತೂಕ ನನ್ನ ಮನೆಯಿಂದ ಹೊರಗೆ ಹೋಗಲ್ಲ.

ಸಮಿತಿ ಕೇಳುತ್ತೆ. ಕೊನೇ ಪ್ರಶ್ನೆ. ನೀನು ಯಾರ ಆರೈಕೆ ಮಾಡಿದ್ದೀಯಮ್ಮ?

...

ಕೇಳಿಸಲಿಲ್ವಾ? ಯಾರ ಆರೈಕೆ?

...

ಯಾರದ್ದೂ ಇಲ್ಲ ಅನ್ನು, ಪರವಾಗಿಲ್ಲ. ನಿಜ ಹೇಳಿದವಳಿಗೆ ಮುಂದಿನ ವರ್ಷ ಇದೆ. "ಇಲ್ಲ" ಅನ್ನು, ಬರ್ಕೊಳ್ತೀನಿ... ಅದನ್ನೂ ಅನ್ನಲ್ವಾ? ತಲೆ ಅಲ್ಲಾಡಿಸ್ತೀಯಾ. ಇಲ್ಲ ಅನ್ನೋಲ್ಲ. ಇದೆ ಅಂತಲೂ ಹೇಳೋಲ್ಲ. ಇದೆಂಥಾ ತಕ್ಕಡಿಯೇ ನಿನ್ನದು, ಮುಳ್ಳು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ! ಇಷ್ಟು ಹೊತ್ತು ಗಾದೆ ಹೇಳ್ತಿದ್ದ ಬಾಯಿ ಎಲ್ಲಿ ಹೋಯ್ತು? ಗುಬ್ಬಿ! ಸೀಟು ಹೋಗುತ್ತೆ ಕಣೇ. ನೀನು ಎರಡು ವರ್ಷದಿಂದ ಇದನ್ನೇ ಜಪ ಮಾಡ್ತಿದ್ದೀಯಾ. ನಾಳೆ ಅಲ್ಲೂ ಹೀಗೇ ಬಾಯಿಗೆ ಬೀಗ ಹಾಕ್ಕೊಂಡು ಕೂತರೆ...

ಕೂತರೆ...

ಕೂರ್ತೀಯಾ. ಅಲ್ವಾ?

ಕಣ್ಣಲ್ಲಿ ನೀರು ತುಂಬಿಕೊಂಡಿದ್ದೀಯಾ, ಆದರೂ ನೋಡೋದು ನನ್ನ ಮುಖ ಮಾತ್ರ. ಬಂದೋರೆಲ್ಲ ಮೊದಲು ನೋಡೋದು ಈ ಕೈನೇ. ಆ ಅಕ್ಕಸಾಲಿಗ ನೋಡಿದ, ಹಾಲಿನವನು ನೋಡಿದ. ನೀನೊಬ್ಬಳು... ಒಂದು ದಿನವೂ ಇದರ ಕಡೆ ಕಣ್ಣು ಹಾಯಿಸಲಿಲ್ಲ. ನೋಡಿಲ್ಲ ಅಂದುಕೊಂಡಿದ್ದೆ. ಅಯ್ಯೋ ಪೆದ್ದೇ! ನಿನಗಲ್ಲ ಅಂದಿದ್ದು, ಸಮಿತಿಗೆ.

ಅವರೇ ಹೇಳೋವರೆಗೆ ಪಕ್ಕದಲ್ಲಿ ಕೂತಿರ್ತೀಯಾ. ಹಾಗಂದೆ ಅಲ್ವಾ? ಉತ್ತರ ಉದ್ದವಾಗಿರಲಿಲ್ಲ. ತೂಕ ಸರಿಯಾಗಿತ್ತು.

...ಗೇಟಿನ ಸದ್ದು. ನಿನ್ನಮ್ಮ ಬಂದಳು. ಎಲ್ಲಿಗೆ ಏಳ್ತೀಯಾ? ಲೋಟ ಬಚ್ಚಿಡಬೇಡ, ಅಲ್ಲೇ ಇರಲಿ. ಕೂತ್ಕೋ. ಸಂದರ್ಶನ ಮುಗಿದಿಲ್ಲ. ಕಣ್ಣು ಒರೆಸ್ಕೋ ಮೊದಲು, ಸಮಿತಿ ಹೊಡೆಯಿತು ಅಂದುಕೊಂಡಾಳು.

ಬಾರಮ್ಮ. ಹೂಂ, ನಾಳೆಗೆ ತಯಾರಿ ನಡೀತಿದೆ... ನಾನಾ? ಹೇಗಿದ್ದೀನಿ ಅಂತಾನಾ?

ಸುಮಾರು.

...ಹೌದಮ್ಮ, ಆ ಪದಾನೇ ಅಂದೆ. ಚೀಲ ಕೆಳಗಿಡು, ಗಾಬರಿಯಾಗಬೇಡ. ಪಾತ್ರೆಯಲ್ಲಿ ಆರಿದ ಟೀ ಇದೆ, ನನಗೊಂದು ಲೋಟ ಬಗ್ಗಿಸು. ಈ ಎರಡು ಹಿಡಿಯದ್ದು ಬೇಡ, ನನ್ನ ಹಳೇ ಸ್ಟೀಲ್ ಲೋಟಕ್ಕೆ. ಅರ್ಧ ಅಲ್ಲ. ತುಂಬಾ. ಅಂಚಿನವರೆಗೆ ಹಾಕು... ಇನ್ನೂ ಹಾಕು... ಹಾಂ. ಇಲ್ಲಿ ಇಡು. ಈಗ ನನ್ನ ಕೈ ನೋಡು.

ಗುಬ್ಬಿ, ನೀನು ಕೈ ಹಿಂದಕ್ಕೆ ತಗೋ. ಹಿಡಿಯೋ ಹಾಗಿಲ್ಲ. ಅಮ್ಮ ನೋಡಲಿ.

...

ಆಯ್ತು, ಚೆಲ್ಲಿತು, ಅಷ್ಟೇ. ಟೀ ತಣ್ಣಗಿತ್ತು, ಸುಟ್ಟಿಲ್ಲ. ಬಟ್ಟೆ ಆಮೇಲೆ ತರೋಣ ಕಣಮ್ಮ, ಟೇಬಲ್ ಎಲ್ಲೂ ಓಡಿಹೋಗಲ್ಲ. ನೀನು ಈ ಕುರ್ಚಿಯಲ್ಲಿ ಕೂತ್ಕೋ. ಬೈಯೋದಿದ್ದರೆ ಬೈಯಿ, ಆದರೆ ಒಂದೇ ಒಂದು ನಿಮಿಷ "ಶ್..."! ಮೊದಲು ಇವಳ ಉತ್ತರ ಕೇಳು.

ಬೆನ್ನು ನೆಟ್ಟಗೆ, ಗುಬ್ಬಿ. ಸಮಿತಿ ಇನ್ನೊಂದು ಸಲ ಕೇಳುತ್ತೆ. ನೀನು ಯಾರ ಆರೈಕೆ ಮಾಡಿದ್ದೀಯಮ್ಮ?

ಈಗ ಹೇಳಬಹುದು.